ಎಂಜಿನ್ ಕೈಕೊಟ್ಟರೆ ವಿಮಾನ ಎಲ್ಲಿ ಇಳಿಯಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ವಿಮಾನ ಅಪಘಾತಗಳ ತನಿಖಾ ವರದಿ ಓದುವುದು ನನ್ನ ಹಳೇ ಹುಚ್ಚು. ನಾನು ಪೈಲಟ್ ಅಲ್ಲ. ಆದರೆ ಈ ಹುಚ್ಚು ಗೊತ್ತಿರುವವರು ಸಿಕ್ಕಾಗಲೆಲ್ಲ ಹೆಚ್ಚುಕಡಿಮೆ ಇವೇ ಪ್ರಶ್ನೆಗಳನ್ನು ಕೇಳುತ್ತಾರೆ. ಪ್ರತಿ ಸಲ ಬಾಯಲ್ಲಿ ಹೇಳಿ ಹೇಳಿ ಸಾಕಾಗಿ ಇಲ್ಲಿ ಬರೆದಿಟ್ಟಿದ್ದೇನೆ.

ಎಂಜಿನ್ ನಿಂತರೆ ವಿಮಾನ ಕಲ್ಲಿನ ಹಾಗೆ ಬೀಳುತ್ತಾ?

ಬೀಳಲ್ಲ. ವಿಮಾನವನ್ನು ಎತ್ತಿ ಹಿಡಿಯುವುದು ರೆಕ್ಕೆ. ಎಂಜಿನ್ ಮಾಡುವುದು ಮುಂದಕ್ಕೆ ತಳ್ಳುವ ಕೆಲಸ ಮಾತ್ರ. ತಳ್ಳುವವರು ಇಲ್ಲದಿದ್ದರೆ ವಿಮಾನ ಮೂತಿಯನ್ನು ಸ್ವಲ್ಪ ತಗ್ಗಿಸಿ, ಇಳಿಜಾರಿನಲ್ಲಿ ಪೆಡಲ್ ತುಳಿಯದೆ ಸೈಕಲ್ ಬಿಟ್ಟ ಹಾಗೆ ಜಾರುತ್ತಾ ಹೋಗುತ್ತದೆ. ಇದಕ್ಕೆ ಗ್ಲೈಡ್ ಅನ್ನುತ್ತಾರೆ.

ಇವತ್ತಿನ ದೊಡ್ಡ ಜೆಟ್‌ಗಳು ಒಂದು ಕಿಲೋಮೀಟರ್ ಕೆಳಗಿಳಿಯುವಷ್ಟರಲ್ಲಿ ಸುಮಾರು 15ರಿಂದ 18 ಕಿಲೋಮೀಟರ್ ಮುಂದೆ ಹೋಗುತ್ತವೆ. 35,000 ಅಡಿ ಅಂದರೆ ಹತ್ತಿರ ಹತ್ತಿರ 10.7 ಕಿಲೋಮೀಟರ್. ಲೆಕ್ಕ ಹಾಕಿ. ಗಾಳಿ ಎದುರಿಗಿಲ್ಲದಿದ್ದರೆ 160 ಕಿಲೋಮೀಟರ್‌ಗೂ ಜಾಸ್ತಿ ದೂರ, ಇಪ್ಪತ್ತು ನಿಮಿಷಕ್ಕೂ ಜಾಸ್ತಿ ಹೊತ್ತು ಕೈಯಲ್ಲಿರುತ್ತದೆ.

ಇನ್ನೊಂದು ಮಾತು. ನೀವು ವಿಮಾನದಲ್ಲಿ ಹೋಗಿದ್ದರೆ, ಹೆಚ್ಚುಕಡಿಮೆ ಗ್ಲೈಡ್ ಅನ್ನೇ ಅನುಭವಿಸಿದ್ದೀರಿ. ಇಳಿಯಲು ಶುರು ಮಾಡಿದಾಗ ಎಂಜಿನ್ ಸದ್ದು ಇದ್ದಕ್ಕಿದ್ದಂತೆ ತಗ್ಗುತ್ತದಲ್ಲ, ಆಗ ಎಂಜಿನ್‌ಗಳು ಸುಮ್ನೆ ಉರಿಯುತ್ತಿರುತ್ತವೆ ಅಷ್ಟೆ, ತಳ್ಳುವುದು ತೀರಾ ಕಡಿಮೆ.

ಒಂದೇ ಎಂಜಿನ್ ಹೋದರೆ?

ಆರಾಮಾಗಿ ಹಾರುತ್ತದೆ, ಆದರೆ ಅಷ್ಟೇ ಎತ್ತರದಲ್ಲಿ ಅಲ್ಲ. ಎರಡು ಎಂಜಿನ್ನಿನ ವಿಮಾನ ಒಂದೇ ಎಂಜಿನ್ನಿನ ಬಲದಲ್ಲಿ 35,000 ಅಡಿಯಲ್ಲಿ ನಿಲ್ಲಲಾರದು. ಮೆಲ್ಲಗೆ ಕೆಳಗೆ ಸರಿದು, ತನಗೆ ತಾಳುವ ಎತ್ತರದಲ್ಲಿ ನೆಲೆ ನಿಲ್ಲುತ್ತದೆ. ಕೆಳಗೆ ಬೆಟ್ಟ ಇದ್ದರೆ ಈ ಸರಿಯುವಿಕೆಯ ದಾರಿಯನ್ನು ಹೊರಡುವ ಮೊದಲೇ ಕಾಗದದ ಮೇಲೆ ಹಾಕಿಟ್ಟಿರುತ್ತಾರೆ. ಆಮೇಲೆ ತಕ್ಕ ನಿಲ್ದಾಣ ನೋಡಿ ಇಳಿಸುತ್ತಾರೆ. ಕ್ಯಾಬಿನ್‌ನಲ್ಲಿ ಕೂತವರಿಗೆ ಎಷ್ಟೋ ಸಲ ಕ್ಯಾಪ್ಟನ್ ಹೇಳುವವರೆಗೂ ಗೊತ್ತೇ ಆಗುವುದಿಲ್ಲ.

ಟೇಕಾಫ್ ಹೊತ್ತಲ್ಲೇ ಹೋದರೆ? ಬ್ರೇಕ್ ಹಾಕಬಹುದಲ್ವಾ?

ಹಾಕಬಹುದು, ಒಂದು ವೇಗದವರೆಗೆ ಮಾತ್ರ. ಆ ವೇಗಕ್ಕೆ ವಿ-ಒನ್ ಅಂತ ಹೆಸರು. ವಿಮಾನದ ತೂಕ, ರನ್‌ವೇ ಉದ್ದ, ಬಿಸಿಲು, ಗಾಳಿ, ನೆಲ ಒದ್ದೆಯೋ ಒಣಗಿದೆಯೋ, ಎಲ್ಲ ನೋಡಿ ಪ್ರತಿ ಹಾರಾಟಕ್ಕೂ ಬೇರೆ ಬೇರೆಯಾಗಿ ಲೆಕ್ಕ ಹಾಕುತ್ತಾರೆ. ವಿ-ಒನ್‌ಗೆ ಮುಂಚೆ ಎಂಜಿನ್ ಹೋದರೆ ನಿಲ್ಲಿಸು. ದಾಟಿದ ಮೇಲೆ ಹೋದರೆ ಹಾರಿಸು. ದಾಟಿದ ಮೇಲೆ ಬ್ರೇಕ್ ಒತ್ತಿದರೆ ಉಳಿದ ರನ್‌ವೇ ಸಾಲದೇ ಹೋಗಬಹುದು. ಮೇಲೇರಲು ಮಾತ್ರ ಒಂದೇ ಎಂಜಿನ್ ಸಾಕು. ಅದನ್ನು ತೋರಿಸದೆ ವಿಮಾನಕ್ಕೆ ಪರವಾನಗಿಯೇ ಸಿಗುವುದಿಲ್ಲ.

ಈ ನಿರ್ಧಾರದ ಸೊಗಸು ಇರುವುದು ಇಲ್ಲೇ. ಯೋಚನೆಯೆಲ್ಲ ಮೊದಲೇ ಮುಗಿದಿರುತ್ತದೆ. ಆ ಕ್ಷಣದಲ್ಲಿ ತಲೆ ಕೆಡಿಸಿಕೊಳ್ಳುವ ಹಾಗೇ ಇಲ್ಲ. ಅನೇಕ ಕಂಪನಿಗಳಲ್ಲಿ ವಿ-ಒನ್ ಅಂತ ಕೂಗಿದ ಕೂಡಲೇ ಕ್ಯಾಪ್ಟನ್ ತನ್ನ ಕೈಯನ್ನು ಥ್ರಾಟಲ್ ಮೇಲಿಂದ, ಅಂದರೆ ಎಂಜಿನ್ ಬಲ ಹೆಚ್ಚುಕಡಿಮೆ ಮಾಡುವ ಹಿಡಿಕೆಯ ಮೇಲಿಂದ, ತೆಗೆದುಬಿಡುತ್ತಾರೆ. ಗಾಬರಿಯಲ್ಲಿ ಕೈ ತಾನಾಗೇ ಹಿಂದಕ್ಕೆ ಎಳೆದೀತು ಅಂತ.

ಎಂಜಿನ್ ಹೋದ ತಕ್ಷಣ ಪೈಲಟ್ ಏನೇನೋ ಸ್ವಿಚ್ ಒತ್ತುತ್ತಾರೆ ಅಂದುಕೊಂಡಿದ್ದೆ. ಹಾಗಲ್ವಾ?

ಸಿನಿಮಾದಲ್ಲಿ ಹಾಗೆ. ನಿಜದಲ್ಲಿ ಮೊದಲ ಕೆಲಸ ವಿಮಾನವನ್ನು ನೆಟ್ಟಗೆ ಹಾರಿಸುವುದು. ಟೇಕಾಫ್ ಆದ ಮೇಲೆ ಎಂಜಿನ್ ಹೋದರೆ ಸಾಮಾನ್ಯವಾಗಿ 400 ಅಡಿ ದಾಟುವವರೆಗೆ ಚಕ್ರ ಮೇಲೆಳೆಯುವುದು ಬಿಟ್ಟು ಬೇರೆ ಯಾವುದಕ್ಕೂ ಕೈ ಹಾಕುವುದಿಲ್ಲ.

ಯಾಕೆ ಅಂತ ತಿಳಿಯಲು 1989ರ ಜನವರಿ 8ರ ಕೆಗ್‌ವರ್ತ್ ಅಪಘಾತ ನೋಡಬೇಕು. ಬ್ರಿಟಿಷ್ ಮಿಡ್‌ಲ್ಯಾಂಡ್‌ನ ಬೋಯಿಂಗ್ 737-400. ಎಡ ಎಂಜಿನ್‌ನ ಫ್ಯಾನ್ ಬ್ಲೇಡ್ ಮುರಿಯಿತು. ನಡುಕ, ಹೊಗೆ. ಪೈಲಟ್‌ಗಳು ಬಲ ಎಂಜಿನ್ ಕೆಟ್ಟಿದೆ ಅಂದುಕೊಂಡು ಅದರ ಥ್ರಾಟಲ್ ಹಿಂದಕ್ಕೆಳೆದರು. ವಿಚಿತ್ರ ಅಂದರೆ ನಡುಕ ಕಡಿಮೆಯಾಯಿತು! ಎಂಜಿನ್ ಬಲವನ್ನು ತಾನಾಗೇ ಹೊಂದಿಸುವ ಆಟೋ ಥ್ರಾಟಲ್ ಕಳಚಿದ್ದರಿಂದ ಕೆಟ್ಟ ಎಂಜಿನ್ ಮೇಲಿನ ಒತ್ತಡ ಇಳಿದಿತ್ತು, ಅಷ್ಟೆ. ಇವರು ತಾವು ಮಾಡಿದ್ದೇ ಸರಿ ಅಂದುಕೊಂಡು ಚೆನ್ನಾಗಿದ್ದ ಎಂಜಿನ್ ಅನ್ನೇ ನಿಲ್ಲಿಸಿದರು. ಬಲ ಎಂಜಿನ್ ನಿಲ್ಲಿಸಿದ್ದೇವೆ ಅಂತ ಕ್ಯಾಪ್ಟನ್ ಘೋಷಣೆಯನ್ನೂ ಮಾಡಿದರು. ಎಡಗಡೆ ಬೆಂಕಿಯ ಕಿಡಿ ನೋಡಿದ್ದ ಪ್ರಯಾಣಿಕರು ಇದನ್ನು ಕೇಳಿ ಗೊಂದಲಗೊಂಡರು, ಆದರೆ ಯಾರೂ ಕಾಕ್‌ಪಿಟ್‌ಗೆ ಹೋಗಿ ಹೇಳಲಿಲ್ಲ. ಇಳಿಯುವ ಕೊನೆಯ ಹಂತದಲ್ಲಿ ಎಡ ಎಂಜಿನ್ ಕೈಕೊಟ್ಟಿತು. 126 ಜನರಲ್ಲಿ 47 ಮಂದಿ ಸತ್ತರು.

2015ರ ಫೆಬ್ರವರಿ 4ರಂದು ತೈಪೆಯಲ್ಲಿ ಟ್ರಾನ್ಸ್‌ಏಷ್ಯಾದ ಎಟಿಆರ್ ವಿಮಾನದಲ್ಲೂ ಇದೇ ಕಥೆ. ಒಂದು ಎಂಜಿನ್ ಬಲ ಕಳೆದುಕೊಂಡಿತು, ಕ್ಯಾಪ್ಟನ್ ಇನ್ನೊಂದನ್ನು ನಿಲ್ಲಿಸಿದರು. 43 ಸಾವು.

ಎರಡೂ ಕಡೆ ವಿಮಾನ ಉಳಿದ ಒಂದು ಎಂಜಿನ್‌ನಲ್ಲಿ ಹಾರಬಲ್ಲದಾಗಿತ್ತು. ಹೊತ್ತು ಇತ್ತು. ಇದ್ದ ಹೊತ್ತನ್ನು ಬಳಸಲಿಲ್ಲ. ನನ್ನ ಪ್ರಕಾರ ಎಂಜಿನ್ ಹೋದಾಗ ಕೇಳಬೇಕಾದ ಮೊದಲ ಪ್ರಶ್ನೆ ಎಲ್ಲಿ ಇಳಿಯೋಣ ಅನ್ನುವುದಲ್ಲ, ನಮ್ಮ ಹತ್ತಿರ ಎಷ್ಟು ಹೊತ್ತಿದೆ ಅನ್ನುವುದು. ಕೆಳಗಿನ ಉತ್ತರಗಳೆಲ್ಲ ಸುತ್ತಿ ಬಳಸಿ ಇಲ್ಲಿಗೇ ಬರುತ್ತವೆ.

ಹತ್ತಿರದ ನಿಲ್ದಾಣ ಬಿಟ್ಟು ದೂರದ್ದಕ್ಕೆ ಹೋಗುತ್ತಾರಲ್ಲ, ಯಾಕೆ?

ನಿಯಮದಲ್ಲಿರುವುದು "ಹತ್ತಿರದ, ತಕ್ಕ" ನಿಲ್ದಾಣ. ಆ "ತಕ್ಕ" ಅನ್ನುವ ಪದವೇ ಮುಖ್ಯ. ರನ್‌ವೇ ಚಿಕ್ಕದಾಗಿದ್ದು, ಮಂಜು ಕವಿದಿದ್ದು, ಬೆಂಕಿ ನಂದಿಸುವ ವಾಹನವೂ ಇಲ್ಲದ ಕಡೆಗೆ ಹತ್ತು ನಿಮಿಷ ಮುಂಚೆ ಹೋಗಿ ಏನು ಪ್ರಯೋಜನ? ಬೆಂಕಿ ಆರದಿದ್ದರೆ ಮಾತ್ರ ಲೆಕ್ಕ ಬೇರೆ. ಆಗ ಹತ್ತಿರ ಅನ್ನುವುದೇ ಎಲ್ಲಕ್ಕಿಂತ ದೊಡ್ಡದು.

ಎಲ್ಲ ಎಂಜಿನ್‌ಗಳೂ ನಿಂತರೆ ಕರೆಂಟ್ ಎಲ್ಲಿಂದ ಬರುತ್ತೆ?

ಬ್ಯಾಟರಿ ಇರುತ್ತದೆ. ಬಾಲದಲ್ಲಿ ಎಪಿಯು ಅನ್ನುವ ಪುಟ್ಟ ಎಂಜಿನ್ ಇರುತ್ತದೆ. ಬಹಳ ಜೆಟ್‌ಗಳಲ್ಲಿ ರ‍್ಯಾಟ್ ಅಂತಲೂ ಒಂದಿರುತ್ತದೆ. ಹೊಟ್ಟೆಯಿಂದಲೋ ರೆಕ್ಕೆಯ ಬುಡದಿಂದಲೋ ಹೊರಗೆ ಬೀಳುವ ಸಣ್ಣ ಫ್ಯಾನ್ ಅದು, ಗಾಳಿಗೆ ತಿರುಗಿ ಕರೆಂಟ್ ಅಥವಾ ಹೈಡ್ರಾಲಿಕ್ ಒತ್ತಡ ಕೊಡುತ್ತದೆ. ಬೋಯಿಂಗ್ 737ರಲ್ಲಿ ರ‍್ಯಾಟ್ ಇಲ್ಲ. ಅದನ್ನು ಕೇಬಲ್‌ಗಳ ಮೂಲಕ ತೋಳ್ಬಲದಿಂದಲೇ ಹಾರಿಸಬಹುದು, ಸುಲಭವಲ್ಲ ಅಷ್ಟೆ.

ಎಂಜಿನ್ ಮತ್ತೆ ಹೊತ್ತಿಸುವುದೋ, ಇಳಿಯುವ ಜಾಗ ಹುಡುಕುವುದೋ?

ಎರಡೂ, ಆದರೆ ಎರಡೂ ಒಂದೇ ಹುಂಡಿಯಿಂದ ಖರ್ಚಾಗುತ್ತವೆ. ಆ ಹುಂಡಿ ಎತ್ತರ.

ಅತಿ ದೂರ ಗ್ಲೈಡ್ ಮಾಡಬೇಕಾದರೆ ಒಂದು ನಿರ್ದಿಷ್ಟ ವೇಗ ಹಿಡಿಯಬೇಕು. ಏರ್‌ಬಸ್‌ಗಳಲ್ಲಿ ವೇಗದ ಪಟ್ಟಿಯ ಮೇಲೆ ಒಂದು ಹಸಿರು ಚುಕ್ಕೆ ಅದನ್ನು ತೋರಿಸುತ್ತದೆ. ಆದರೆ ಬರೀ ಗಾಳಿಯ ರಭಸದಿಂದ ಎಂಜಿನ್ ತಿರುಗಿಸಿ ಹೊತ್ತಿಸಬೇಕಾದರೆ ಅದಕ್ಕಿಂತ ಸಾಕಷ್ಟು ಜಾಸ್ತಿ ವೇಗ ಬೇಕು. ವೇಗ ಬೇಕಾದರೆ ಮೂತಿ ತಗ್ಗಿಸಬೇಕು, ತಗ್ಗಿಸಿದರೆ ಎತ್ತರ ಕರಗುತ್ತದೆ. ಮೇಲೆ ಇದ್ದಾಗ ಈ ಜೂಜು ಆಡಬಹುದು. ಕೆಳಗೆ ಬಂದ ಮೇಲೆ ಎಪಿಯು ಸಹಾಯದಿಂದ ಹೊತ್ತಿಸಲು ನೋಡುತ್ತಾ ಹಸಿರು ಚುಕ್ಕೆಗೆ ಅಂಟಿಕೊಳ್ಳಬೇಕು. ಇಂಧನವೇ ಮುಗಿದಿದ್ದರೆ ಈ ಯೋಚನೆಯೇ ಬೇಡ, ಸೀದಾ ಜಾಗ ಹುಡುಕುವುದು.

1982ರ ಜೂನ್ 24ರ ರಾತ್ರಿ ಬ್ರಿಟಿಷ್ ಏರ್‌ವೇಸ್‌ನ 747 ಇಂಡೊನೇಷ್ಯಾದ ಜಾವಾ ದ್ವೀಪದ ಬಳಿ ಗಾಲುಂಗುಂಗ್ ಜ್ವಾಲಾಮುಖಿಯ ಬೂದಿಯೊಳಗೆ ಹೊಕ್ಕಿತು. ಕತ್ತಲಲ್ಲಿ ಬೂದಿ ಕಾಣಲಿಲ್ಲ, ರೇಡಾರ್‌ನಲ್ಲೂ ಬರಲಿಲ್ಲ. ನಾಲ್ಕೂ ಎಂಜಿನ್ ನಿಂತವು. ಕ್ಯಾಪ್ಟನ್ ಎರಿಕ್ ಮೂಡಿ ಪ್ರಯಾಣಿಕರಿಗೆ ಸಣ್ಣ ತೊಂದರೆಯಾಗಿದೆ, ನಾಲ್ಕೂ ಎಂಜಿನ್ ನಿಂತಿವೆ ಅಂತ ಹೇಳಿದ ಧಾಟಿ ಇವತ್ತಿಗೂ ಪೈಲಟ್‌ಗಳ ಬಾಯಲ್ಲಿದೆ. 37,000 ಅಡಿಯಿಂದ ಜಾರುತ್ತಾ, ಮತ್ತೆ ಮತ್ತೆ ಹೊತ್ತಿಸಲು ನೋಡುತ್ತಾ ಬಂದರು. ಬೂದಿಯಿಂದ ಹೊರಬಿದ್ದ ಮೇಲೆ, ಎಂಜಿನ್ ಒಳಗೆ ಕರಗಿ ಅಂಟಿದ್ದ ಬೂದಿ ತಣ್ಣಗಾಗಿ ಉದುರಿತು. ಸುಮಾರು 13,000 ಅಡಿಯಲ್ಲಿ ಒಂದೊಂದಾಗಿ ಜೀವ ಬಂತು. ಎಲ್ಲರೂ ಬದುಕಿದರು.

ರನ್‌ವೇ ಮುಟ್ಟುತ್ತೇವೋ ಇಲ್ಲವೋ ಅಂತ ಪೈಲಟ್‌ಗೆ ಹೇಗೆ ಗೊತ್ತಾಗುತ್ತೆ?

ದೂರದಲ್ಲಿದ್ದಾಗ ಲೆಕ್ಕ. ಸಾವಿರ ಅಡಿಗೆ ಇಷ್ಟು ಮೈಲಿ ಅಂತ. ಹತ್ತಿರ ಬಂದ ಮೇಲೆ ಕಣ್ಣು. ಒಂದೇ ಕೋನದಲ್ಲಿ, ಒಂದೇ ವೇಗದಲ್ಲಿ ಇಳಿಯುವಾಗ ಎದುರಿನ ಗಾಜಿನಲ್ಲಿ ಯಾವ ಜಾಗ ಅಲುಗಾಡದೆ ನಿಂತಿರುತ್ತದೋ ಅಲ್ಲಿಗೇ ನೀವು ಹೋಗುತ್ತಿದ್ದೀರಿ. ರನ್‌ವೇಯ ತುದಿ ಗಾಜಿನಲ್ಲಿ ಮೇಲೆ ಮೇಲೆ ಸರಿಯುತ್ತಿದ್ದರೆ ಮುಟ್ಟುವುದಿಲ್ಲ. ಕೆಳಗೆ ಸರಿಯುತ್ತಿದ್ದರೆ ಎತ್ತರ ಜಾಸ್ತಿಯಾಗಿದೆ.

ಎತ್ತರ ಜಾಸ್ತಿ ಇರುವುದೂ ಒಂದು ಸಂಕಟವೇ. ಎಂಜಿನ್ ಇಲ್ಲದವರಿಗೆ ಇನ್ನೊಂದು ಸುತ್ತು ಹೊಡೆದು ಬರುವ ಅವಕಾಶ ಇರುವುದಿಲ್ಲ. 1983ರ ಜುಲೈ 23ರಂದು ಏರ್ ಕೆನಡಾದ ಬೋಯಿಂಗ್ 767ರಲ್ಲಿ ಹೀಗಾಯಿತು. ಇಂಧನದ ಮೀಟರ್ ಕೆಟ್ಟಿತ್ತು, ಕೈಲೆಕ್ಕದಲ್ಲಿ ಪೌಂಡ್ ಮತ್ತು ಕಿಲೋ ಅದಲುಬದಲಾಗಿ ಬೇಕಾದದ್ದರ ಅರ್ಧಕ್ಕಿಂತ ಕಡಿಮೆ ಇಂಧನ ತುಂಬಿದ್ದರು. ದಾರಿ ಮಧ್ಯದಲ್ಲಿ ಎರಡೂ ಎಂಜಿನ್ ನಿಂತವು. ವಿನಿಪೆಗ್ ಮುಟ್ಟಲ್ಲ ಅಂತ ಲೆಕ್ಕ ಹೇಳಿದಾಗ ಸಹ ಪೈಲಟ್ ಮಾರಿಸ್ ಕ್ವಿಂಟಾಲ್‌ಗೆ ತಾವು ಹಿಂದೆ ಕೆಲಸ ಮಾಡಿದ್ದ ಗಿಮ್ಲಿಯ ಹಳೆಯ ವಾಯುಪಡೆ ನೆಲೆ ನೆನಪಾಯಿತು. ಆ ರನ್‌ವೇಯನ್ನು ಕಾರ್ ರೇಸ್‌ಗೆ ಬಿಟ್ಟುಕೊಟ್ಟಿದ್ದರು, ಅವತ್ತು ಅಲ್ಲಿ ಜನ ಸೇರಿದ್ದರು ಅನ್ನುವುದು ಅವರಿಗೆ ಗೊತ್ತಿರಲಿಲ್ಲ.

ಹತ್ತಿರ ಬಂದಾಗ ವಿಮಾನ ತೀರಾ ಮೇಲಿತ್ತು. ಕ್ಯಾಪ್ಟನ್ ಬಾಬ್ ಪಿಯರ್ಸನ್ ಬಿಡುವಿನಲ್ಲಿ ಎಂಜಿನ್ ಇಲ್ಲದ ಗ್ಲೈಡರ್ ಹಾರಿಸುವವರು. ಅವರು ಸ್ಟೀರಿಂಗನ್ನು ಒಂದು ಕಡೆ, ಕಾಲಿನ ರಡರ್ ಪೆಡಲ್ ಅನ್ನು ಅದರ ವಿರುದ್ಧ ಕಡೆ ಒತ್ತಿದರು. ವಿಮಾನ ಓರೆಯಾಗಿ, ತನ್ನ ಪಕ್ಕೆಯನ್ನೇ ಗಾಳಿಗೆ ಒಡ್ಡಿಕೊಂಡು, ವೇಗ ಹೆಚ್ಚಿಸಿಕೊಳ್ಳದೆ ಸರಸರ ಇಳಿಯಿತು. ಕೊನೆಯಲ್ಲಿ ನೆಟ್ಟಗೆ ಮಾಡಿ ನೆಲ ಮುಟ್ಟಿಸಿದರು. ಮುಂದಿನ ಚಕ್ರ ಸರಿಯಾಗಿ ಕೂತಿರಲಿಲ್ಲ, ಮಡಚಿಕೊಂಡಿತು. ಮೂತಿ ನೆಲಕ್ಕೆ ಉಜ್ಜಿದ್ದೇ ಬ್ರೇಕ್ ಆಯಿತು. 69 ಜನರೂ ಉಳಿದರು.

2001ರ ಆಗಸ್ಟ್ 24ರಂದು ಏರ್ ಟ್ರಾನ್ಸಾಟ್‌ನ ಎ330 ಇಂಧನ ಸೋರಿಕೆಯಿಂದ ಅಟ್ಲಾಂಟಿಕ್ ಮೇಲೆ ಎರಡೂ ಎಂಜಿನ್ ಕಳೆದುಕೊಂಡು, ಸುಮಾರು 19 ನಿಮಿಷ ಗ್ಲೈಡ್ ಮಾಡಿ ಅಜೋರ್ಸ್ ದ್ವೀಪದ ಲಾಜೆಸ್‌ನಲ್ಲಿ ಇಳಿಯಿತು. ಅವರಿಗೂ ಎತ್ತರ ಜಾಸ್ತಿಯಾಗಿತ್ತು. ಒಂದು ಪೂರ್ತಿ ಸುತ್ತು ಹಾಕಿ ಕಳೆದುಕೊಂಡರು. 306 ಜನ ಪಾರು. ಆದರೆ ಕಥೆಯ ಆರಂಭ ಅಷ್ಟು ಚೆನ್ನಾಗಿಲ್ಲ. ಎರಡು ಬದಿಯ ಇಂಧನ ಸಮ ಇಲ್ಲ ಅಂದುಕೊಂಡು, ಒಳ್ಳೆಯ ಬದಿಯ ಇಂಧನವನ್ನು ಸೋರುತ್ತಿದ್ದ ಬದಿಗೆ ಹರಿಸಿದ್ದರು. ಓಟೆ ಕೊಡಕ್ಕೆ ನೀರು ಹೊಯ್ದ ಹಾಗೆ.

ಹಡ್ಸನ್ ನದಿಯಲ್ಲಿ ಇಳಿಸಿದರಲ್ಲ, ಅವರು ವಾಪಸ್ ಹೋಗಬಹುದಿತ್ತು ಅಂತಾರೆ. ನಿಜವಾ?

ಕಾಗದದ ಮೇಲೆ ನಿಜ. 2009ರ ಜನವರಿ 15, ನ್ಯೂಯಾರ್ಕ್‌ನ ಲಗಾರ್ಡಿಯಾದಿಂದ ಹೊರಟ ಯುಎಸ್ ಏರ್‌ವೇಸ್‌ನ ಎ320. ಸುಮಾರು 2,800 ಅಡಿಯಲ್ಲಿ ಕೆನಡಾ ಹೆಬ್ಬಾತುಗಳ ಹಿಂಡು ಬಡಿದು ಎರಡೂ ಎಂಜಿನ್ ಹೋದವು. ಅಲ್ಲಿಂದ ನೀರು ಮುಟ್ಟುವವರೆಗೆ ಮೂರೂವರೆ ನಿಮಿಷ.

ಆಮೇಲೆ ತನಿಖೆಯವರು ಸಿಮ್ಯುಲೇಟರ್‌ನಲ್ಲಿ ಮಾಡಿಸಿ ನೋಡಿದರು. ಹಕ್ಕಿ ಬಡಿದ ಮರುಕ್ಷಣವೇ ತಿರುಗಿಸಿದಾಗ ಕೆಲವು ಸಲ ವಿಮಾನ ರನ್‌ವೇ ಮುಟ್ಟಿತು. ಏನಾಯಿತು ಅಂತ ಅರ್ಥ ಮಾಡಿಕೊಳ್ಳಲು 35 ಸೆಕೆಂಡ್ ಸೇರಿಸಿದಾಗ ಮುಟ್ಟಲಿಲ್ಲ. ಸಿಮ್ಯುಲೇಟರ್‌ನಲ್ಲಿ ಕೂತವನಿಗೆ ಏನಾಗಲಿದೆ ಅಂತ ಮೊದಲೇ ಗೊತ್ತು, ಅಲ್ವಾ? ಕ್ಯಾಪ್ಟನ್ ಚೆಸ್ಲಿ ಸಲೆನ್‌ಬರ್ಗರ್‌ಗೆ ಗೊತ್ತಿರಲಿಲ್ಲ. ಹಿಂದೆ ತಿರುಗಿ ಮುಟ್ಟದೇ ಹೋದರೆ ಕೆಳಗೆ ಊರು. ನದಿಯಲ್ಲಾದರೆ ಉದ್ದಕ್ಕೆ, ಅಗಲಕ್ಕೆ ಜಾಗ ಇದೆ, ದೋಣಿಗಳೂ ಇವೆ.

ನನಗೆ ಆ ಹಾರಾಟದಲ್ಲಿ ಇಷ್ಟವಾಗುವುದು ನದಿಯಲ್ಲ, ಎಪಿಯು. ಚೆಕ್‌ಲಿಸ್ಟ್‌ನಲ್ಲಿ ಅದರ ಸರದಿ ಬಹಳ ಆಮೇಲೆ. ಸಲೆನ್‌ಬರ್ಗರ್ ಸರದಿಗೆ ಕಾಯದೆ ಮೊದಲೇ ಅದನ್ನು ಶುರು ಮಾಡಿದರು. ಇದರಿಂದ ವಿದ್ಯುತ್ ಕಡಿಯಲಿಲ್ಲ, ವೇಗ ತೀರಾ ಕಡಿಮೆಯಾಗಿ ವಿಮಾನ ಕುಸಿಯದ ಹಾಗೆ ತಡೆಯುವ ಕಂಪ್ಯೂಟರ್ ಕೊನೆಯವರೆಗೂ ಕೆಲಸ ಮಾಡಿತು. ಇತ್ತ ಸಹ ಪೈಲಟ್ ಜೆಫ್ರಿ ಸ್ಕೈಲ್ಸ್ ಓದುತ್ತಿದ್ದ ಚೆಕ್‌ಲಿಸ್ಟ್ ತುಂಬಾ ಎತ್ತರದಲ್ಲಿ ಎಂಜಿನ್ ಹೋದವರಿಗಾಗಿ ಬರೆದದ್ದು. ಮೂರು ಪುಟ. ಒಂದನೇ ಭಾಗ ಮುಗಿಯುವಷ್ಟರಲ್ಲಿ ನದಿ ಬಂದಿತ್ತು. 155 ಜನರೂ ಬದುಕಿದರು.

ಅದಕ್ಕಿಂತ ಕೆಳಗೆ ಇದ್ದರೆ?

ಆಗ ಆಯ್ಕೆಗಳು ಬೆರಳೆಣಿಕೆಗೂ ಸಿಗುವುದಿಲ್ಲ. 2008ರ ಜನವರಿ 17ರಂದು ಹೀಥ್ರೂ ರನ್‌ವೇ ಕಣ್ಣೆದುರೇ ಇರುವಾಗ, 720 ಅಡಿಯಲ್ಲಿ, ಬ್ರಿಟಿಷ್ ಏರ್‌ವೇಸ್‌ನ 777ಕ್ಕೆ ಎಂಜಿನ್ ಬಲ ಸಿಗಲಿಲ್ಲ. ಇಂಧನದಲ್ಲಿದ್ದ ನೀರು ಮಂಜುಗಟ್ಟಿ ದಾರಿ ಕಟ್ಟಿತ್ತು. ಹಾರಿಸುತ್ತಿದ್ದವರು ಸಹ ಪೈಲಟ್ ಜಾನ್ ಕವರ್ಡ್. ಕ್ಯಾಪ್ಟನ್ ಪೀಟರ್ ಬರ್ಕಿಲ್ ಮಾಡಿದ್ದು ಒಂದು ಸಣ್ಣ ಕೆಲಸ. ರೆಕ್ಕೆಯ ಹಿಂಬದಿಯಲ್ಲಿ ಕೆಳಗೆ ಬಾಗುವ ಫಲಕಗಳ, ಅಂದರೆ ಫ್ಲಾಪ್‌ಗಳ, ಹಿಡಿಕೆಯನ್ನು 30ರಿಂದ 25ಕ್ಕೆ ಸರಿಸಿದರು. ಗಾಳಿಯ ತಡೆ ಸ್ವಲ್ಪ ಕಡಿಮೆಯಾಗಿ ಸುಮಾರು 50 ಮೀಟರ್ ಜಾಸ್ತಿ ದೂರ ಸಿಕ್ಕಿತು. ಅಷ್ಟರಿಂದ ವಿಮಾನ ಅಲ್ಲಿದ್ದ ಆಂಟೆನಾಗಳನ್ನು ದಾಟಿ, ರನ್‌ವೇಗೆ ಮುಂಚಿನ ಹುಲ್ಲಿನ ಮೇಲೆ ಬಿತ್ತು. 152 ಜನರಲ್ಲಿ ಯಾರೂ ಸಾಯಲಿಲ್ಲ.

2025ರ ಜೂನ್ 12ರ ಅಹಮದಾಬಾದ್ ದುರಂತವನ್ನೂ ತುಂಬಾ ಜನ ಕೇಳುತ್ತಾರೆ. ಪ್ರಾಥಮಿಕ ವರದಿಯ ಪ್ರಕಾರ ನೆಲ ಬಿಟ್ಟ ಕೆಲವೇ ಸೆಕೆಂಡುಗಳಲ್ಲಿ ಎರಡೂ ಎಂಜಿನ್‌ಗಳ ಇಂಧನ ಸ್ವಿಚ್‌ಗಳು ಇಂಧನ ನಿಲ್ಲಿಸುವ ಕಟಾಫ್‌ಗೆ ಸರಿದವು, ಆಮೇಲೆ ಮತ್ತೆ ಇಂಧನ ಹರಿಸುವ ರನ್‌ಗೆ ಬಂದವು. ರ‍್ಯಾಟ್ ಹೊರಬಂದಿತ್ತು. ಒಂದು ಎಂಜಿನ್ ಚೇತರಿಸಿಕೊಳ್ಳಲು ಶುರುವಾಗಿತ್ತು. ಆದರೆ ನಿಂತ ಜೆಟ್ ಎಂಜಿನ್ ಮತ್ತೆ ಪೂರ್ತಿ ಬಲಕ್ಕೆ ಬರಲು ಹೊತ್ತು ಬೇಕು. ಅಷ್ಟು ಎತ್ತರ ಅಲ್ಲಿರಲಿಲ್ಲ. ವಿಮಾನದಲ್ಲಿದ್ದ 242 ಜನರಲ್ಲಿ ಬದುಕಿದ್ದು ಒಬ್ಬರೇ.

ರನ್‌ವೇ ಸಿಗದಿದ್ದರೆ ನೀರು ಒಳ್ಳೆಯದೋ, ಹೊಲವೋ?

ಸಪಾಟಾಗಿ, ಉದ್ದಕ್ಕೆ, ಅಡ್ಡ ಏನೂ ಇಲ್ಲದ ಜಾಗ ಯಾವುದೋ ಅದು. ನೀರು ಮೆತ್ತಗೆ ಅನ್ನುವುದು ತಪ್ಪು ಕಲ್ಪನೆ. ಆ ವೇಗದಲ್ಲಿ ನೀರೂ ಗಟ್ಟಿ. ರೆಕ್ಕೆಗಳು ಸಮವಾಗಿರಬೇಕು. ಒಂದು ರೆಕ್ಕೆ ಮೊದಲು ತಾಗಿದರೆ ವಿಮಾನ ಚೂರಾಗಬಹುದು. ತೆರೆ ಎದ್ದ ಕಡಲಿಗೂ ಶಾಂತ ನದಿಗೂ ಅಜಗಜಾಂತರ.

1988ರ ಮೇ 24ರಂದು ಆಲಿಕಲ್ಲು ಮಳೆಗೆ ಎಂಜಿನ್ ಕಳೆದುಕೊಂಡ ಟಾಕಾ ಕಂಪನಿಯ 737, ನ್ಯೂ ಆರ್ಲಿಯನ್ಸ್ ಬಳಿ ನೀರಿಗೆ ಇಳಿಯಲು ಹೊರಟಿತ್ತು. ಕೊನೆ ಕ್ಷಣದಲ್ಲಿ ಹುಲ್ಲು ಬೆಳೆದ ಒಡ್ಡು ಕಂಡಿತು, ಅದರ ಮೇಲೆ ಚಕ್ರದಲ್ಲೇ ಇಳಿಯಿತು. 2019ರ ಆಗಸ್ಟ್ 15ರಂದು ಮಾಸ್ಕೋ ಹತ್ತಿರ ಹಕ್ಕಿ ಬಡಿದ ಉರಲ್ ಏರ್‌ಲೈನ್ಸ್‌ನ ಎ321 ಮೆಕ್ಕೆಜೋಳದ ಹೊಲದಲ್ಲಿ, ಚಕ್ರ ಬಿಡದೆ, ಹೊಟ್ಟೆಯ ಮೇಲೆ ಇಳಿಯಿತು. ಎರಡರಲ್ಲೂ ಎಲ್ಲರೂ ಉಳಿದರು.

ಮೇಡೇ ಅಂತ ಯಾಕೆ ಕೂಗುತ್ತಾರೆ? ಕೂಗಿದರೆ ಏನಾಗುತ್ತೆ?

ನನಗೆ ಸಹಾಯ ಮಾಡಿ ಅನ್ನುವ ಫ್ರೆಂಚ್ ಮಾತಿನ ಉಚ್ಚಾರ ಅದು. ಮೂರು ಸಲ ಹೇಳುತ್ತಾರೆ. ಹೇಳಿದ ಕೂಡಲೇ ಉಳಿದ ವಿಮಾನಗಳು ಸುಮ್ಮನಾಗುತ್ತವೆ, ಕಂಟ್ರೋಲರ್ ದಾರಿ ತೆರವು ಮಾಡುತ್ತಾರೆ. ಜೀವಾಪಾಯ ಅಷ್ಟಿಲ್ಲದಿದ್ದರೆ ಪ್ಯಾನ್-ಪ್ಯಾನ್. ರೇಡಾರ್ ತೆರೆಯ ಮೇಲೆ ಎದ್ದು ಕಾಣಲು 7700 ಅನ್ನುವ ಕೋಡ್ ಹಾಕುತ್ತಾರೆ. ಆದರೆ ಮಾತಾಡುವುದು ಮೂರನೇ ಕೆಲಸ. ಮೊದಲು ಹಾರಿಸು, ಆಮೇಲೆ ದಾರಿ ನೋಡು, ಆಮೇಲೆ ಮಾತಾಡು. ರೇಡಿಯೋದಲ್ಲಿ ಪೈಲಟ್ ಉತ್ತರ ಕೊಡದಿದ್ದರೆ ಕೈ ತುಂಬಾ ಕೆಲಸ ಇದೆ ಅಂತಲೇ ಅರ್ಥ.

ಇಳಿಯುವ ಮೊದಲು ಇಂಧನ ಸುರಿಯಲೇಬೇಕಾ?

ಎಲ್ಲ ವಿಮಾನಗಳಿಗೂ ಆಗುವುದಿಲ್ಲ. 777, ಎ380 ಥರದವಕ್ಕೆ ಆಗುತ್ತದೆ, 737, ಎ320ಗೆ ಆ ವ್ಯವಸ್ಥೆಯೇ ಇಲ್ಲ. ಅರ್ಜೆಂಟ್ ಇದ್ದರೆ ಭಾರ ಇಟ್ಟುಕೊಂಡೇ ಇಳಿಸುತ್ತಾರೆ, ಆಮೇಲೆ ಎಂಜಿನಿಯರ್‌ಗಳು ತಪಾಸಣೆ ಮಾಡುತ್ತಾರೆ.

ಸಮುದ್ರದ ಮೇಲೆ ಎರಡೇ ಎಂಜಿನ್ ಇಟ್ಟುಕೊಂಡು ಹೋಗೋದು ಧೈರ್ಯ ಜಾಸ್ತಿ ಆಯ್ತಲ್ವಾ?

ಹಿಂದೆ ಎರಡು ಎಂಜಿನ್ನಿನ ವಿಮಾನ ಯಾವಾಗಲೂ ಯಾವುದಾದರೂ ನಿಲ್ದಾಣಕ್ಕೆ 60 ನಿಮಿಷದ ದೂರದೊಳಗೇ ಇರಬೇಕಿತ್ತು. ಅದೂ ಒಂದೇ ಎಂಜಿನ್ನಿನ ವೇಗದ ಲೆಕ್ಕದಲ್ಲಿ. ಎಂಜಿನ್‌ಗಳು ನಂಬಿಕಸ್ಥ ಆಗುತ್ತಾ ಹೋದ ಹಾಗೆ 1985ರಲ್ಲಿ 120 ನಿಮಿಷ, 1988ರಲ್ಲಿ 180 ನಿಮಿಷ ಅಂತ ಸಡಿಲವಾಯಿತು. ಇದನ್ನು ಇಟಾಪ್ಸ್ ಅನ್ನುತ್ತಾರೆ. ಅಂದರೆ ಸಮುದ್ರದ ನಡುವೆ ಎಂಜಿನ್ ಹೋದರೆ ಎಲ್ಲಿಗೆ ತಿರುಗಬೇಕು ಅನ್ನುವ ಉತ್ತರ ಹೊರಡುವಾಗಲೇ ಕೈಯಲ್ಲಿರುತ್ತದೆ.

ಒಳಗೆ ಕೂತ ನಾವೇನು ಮಾಡಬೇಕು?

ತುರ್ತು ಬಾಗಿಲಿಗೆ ಎಷ್ಟು ಸಾಲು ಅಂತ ಎಣಿಸಿಟ್ಟುಕೊಳ್ಳಿ, ಹೊಗೆ ತುಂಬಿದರೆ ಕೈಯಿಂದ ಮುಟ್ಟಿ ಎಣಿಸಬೇಕಾಗುತ್ತದೆ. ಬ್ಯಾಗ್ ಬಿಟ್ಟುಬಿಡಿ. ಲೈಫ್ ಜಾಕೆಟ್ ಅನ್ನು ವಿಮಾನದೊಳಗೆ ಉಬ್ಬಿಸಬೇಡಿ. 1996ರಲ್ಲಿ ಅಪಹರಣಕ್ಕೊಳಗಾಗಿ, ಇಂಧನ ಮುಗಿದು ಕೊಮೊರೊಸ್ ಬಳಿ ಸಮುದ್ರಕ್ಕೆ ಬಿದ್ದ ಇಥಿಯೋಪಿಯನ್ ವಿಮಾನದಲ್ಲಿ ಹಲವರು ಒಳಗೇ ಉಬ್ಬಿಸಿಕೊಂಡಿದ್ದರು. ನೀರು ನುಗ್ಗಿದಾಗ ಜಾಕೆಟ್ ಅವರನ್ನು ಚಾವಣಿಗೆ ಒತ್ತಿ ಹಿಡಿಯಿತು, ಬಾಗಿಲಿಗೆ ಮುಳುಗಿ ಹೋಗಲು ಆಗಲಿಲ್ಲ.

ನೆಲ ಮುಟ್ಟಿದ ಮೇಲೆ ಎಲ್ಲ ಮುಗಿದ ಹಾಗೇ ತಾನೆ?

2010ರ ನವೆಂಬರ್ 4ರ ಕ್ವಾಂಟಾಸ್ ಎ380 ಕಥೆ ಕೇಳಿ. ಸಿಂಗಪುರ ಬಿಟ್ಟ ಸ್ವಲ್ಪ ಹೊತ್ತಿಗೇ ಒಂದು ಎಂಜಿನ್ ಸಿಡಿದು, ಅದರ ಚೂರುಗಳು ರೆಕ್ಕೆ ತೂತು ಮಾಡಿ ವೈರ್‌ಗಳನ್ನು ಕತ್ತರಿಸಿದವು. ತೆರೆಯ ಮೇಲೆ ಎಚ್ಚರಿಕೆಗಳ ಸುರಿಮಳೆ. ಆದರೆ ಮೂರು ಎಂಜಿನ್ ಇವೆ, ವಿಮಾನ ಹಾರುತ್ತಿದೆ, ಬೆಂಕಿ ಇಲ್ಲ. ಕ್ಯಾಪ್ಟನ್ ರಿಚರ್ಡ್ ಡಿ ಕ್ರೆಸ್ಪಿನಿ ಅವಸರ ಮಾಡಲಿಲ್ಲ. ತಾಳಿದವನು ಬಾಳಿಯಾನು ಅಂತಾರಲ್ಲ, ಹಾಗೆ ಸುಮಾರು 50 ನಿಮಿಷ ಆಕಾಶದಲ್ಲೇ ಸುತ್ತುತ್ತಾ ಒಂದೊಂದೇ ಎಚ್ಚರಿಕೆ ನೋಡಿ, ಇಳಿಯಲು ರನ್‌ವೇ ಸಾಲುತ್ತಾ ಅಂತ ಲೆಕ್ಕ ಹಾಕಿದರು. ಸಿಂಗಪುರದಲ್ಲೇ ಇಳಿಸಿದರು. ರನ್‌ವೇ ಸಾಲಿತು, ಅಷ್ಟಕ್ಕಷ್ಟೆ.

ನಿಂತ ಮೇಲೆ ಹೊಸ ಪ್ರಶ್ನೆ. ಬ್ರೇಕ್‌ಗಳು ಕೆಂಡವಾಗಿವೆ, ಪಕ್ಕದಲ್ಲೇ ರೆಕ್ಕೆಯಿಂದ ಇಂಧನ ಸೋರುತ್ತಿದೆ, ಎಡತುದಿಯ ಎಂಜಿನ್ ಆಫ್ ಮಾಡಿದರೂ ನಿಲ್ಲುತ್ತಿಲ್ಲ. ಜಾರುಬಂಡೆ ಬಿಟ್ಟು ಎಲ್ಲರನ್ನೂ ಇಳಿಸೋಣವೆಂದರೆ, ಇಳಿದವರು ಕಾಲಿಡುವುದು ಇಂಧನದ ಕೆರೆಯಲ್ಲಿ, ಓಡುತ್ತಿರುವ ಎಂಜಿನ್ ಹತ್ತಿರ. ಹಾಗಾಗಿ ಬೆಂಕಿ ಹತ್ತಿಕೊಳ್ಳುವವರೆಗೆ ಒಳಗೇ ಕ್ಷೇಮ ಅಂತ ತೀರ್ಮಾನಿಸಿದರು. ಸಿಬ್ಬಂದಿ ಜಾರುಬಂಡೆ ಬಿಡಲು ತಯಾರಾಗಿ ಬಾಗಿಲ ಬಳಿಯೇ ನಿಂತರು. ಅಗ್ನಿಶಾಮಕದವರು ನೊರೆ ಹರಡಿದರು. ಬಲಬದಿಯ ಒಂದೇ ಬಾಗಿಲಿಗೆ ಮೆಟ್ಟಿಲು ತಂದು, 469 ಜನರನ್ನೂ ಸಾಲಾಗಿ ಇಳಿಸಿದರು. ಯಾರಿಗೂ ಗಾಯವಾಗಲಿಲ್ಲ. ಆ ಎಂಜಿನ್ ಮಾತ್ರ ಇನ್ನೂ ಓಡುತ್ತಲೇ ಇತ್ತು. ಅಗ್ನಿಶಾಮಕದವರು ಅದರ ಬಾಯಿಗೆ ನೀರು, ನೊರೆ ಸುರಿದು ಸುರಿದು ನಿಲ್ಲಿಸುವಷ್ಟರಲ್ಲಿ ಸುಮಾರು ಮೂರು ಗಂಟೆ ಹಿಡಿಯಿತು.